ಇಂಟರ್‌ನ್ಯಾಷನಲ್ ಸ್ಟಡೀಸ್‌ನಲ್ಲಿ ಪಿಎಚ್‌ಡಿ ಮಾಡ್ಬೇಕಾ? ಮೊದಲು ಪ್ರಶ್ನೆ, ಫಾರ್ಮ್ ಕೊನೆಗೆ

ಇಂಟರ್‌ನ್ಯಾಷನಲ್ ಸ್ಟಡೀಸ್ ಪಿಎಚ್‌ಡಿಗೆ ಎರಡು ಮೂರು ಸಲ ಅಪ್ಲೈ ಮಾಡಿ ಸೀಟ್ ಸಿಗದೇ ಇದ್ದವರ ಅರ್ಜಿಗಳನ್ನ ಓದ್ತಾ ಬಂದಿದೀನಿ, ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ತೊಂದರೆ. ಮಾರ್ಕ್ಸ್ ಚೆನ್ನಾಗೇ ಇರತ್ತೆ, ಓದಿಕೊಂಡೂ ಇರ್ತಾರೆ, ಆದ್ರೆ ಕೆಲಸದ ಕ್ರಮ ತಲೆಕೆಳಗಾಗಿರತ್ತೆ. ಮೊದಲು ಯೂನಿವರ್ಸಿಟಿ ಲಿಸ್ಟ್ ಮಾಡ್ತಾರೆ, ಆಮೇಲೆ ಟೆಸ್ಟ್ ಬರೀತಾರೆ, ಆಮೇಲೆ ಫಾರ್ಮ್ ತುಂಬ್ತಾರೆ, ಡೆಡ್‌ಲೈನ್‌ಗೆ ಹತ್ತು ದಿನ ಇದೆ ಅನ್ನುವಾಗ ಕೂತ್ಕೊಂಡು ರಿಸರ್ಚ್ ಪ್ರಪೋಸಲ್ ಬರೀತಾರೆ. ಅರ್ಜಿ ನೋಡೋ ಕಮಿಟಿಯವರು ಮಾತ್ರ ಆ ಪ್ರಪೋಸಲ್ಲನ್ನೇ ಹಿಡ್ಕೊಂಡು ತೂಗ್ತಾರೆ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದೀನಿ, ದಯವಿಟ್ಟು ಹಂತ ಬಿಟ್ಟು ಮುಂದಕ್ಕೆ ಹಾರ್ಬೇಡಿ.

## ಶುರು ಮಾಡೋ ಮುಂಚೆ ಕೈಯಲ್ಲಿ ಇರ್ಬೇಕಾದ್ದು

ಸಮಯ ಎಲ್ಲಕ್ಕಿಂತ ಮುಖ್ಯ. ಸೇರ್ಬೇಕು ಅಂದ್ಕೊಂಡಿರೋ ತಿಂಗಳಿಂದ ಹಿಂದಕ್ಕೆ ಎಣಿಸಿದ್ರೆ ಕಮ್ಮಿ ಅಂದ್ರೂ ಹದಿನೈದು ತಿಂಗಳು ಇಟ್ಕೊಳ್ಳಿ. ಕೆಲಸಕ್ಕೆ ಹೋಗ್ತಾ ತಯಾರಿ ಮಾಡೋರಿಗೆ ಇನ್ನೂ ಸ್ವಲ್ಪ ಬೇಕಾಗತ್ತೆ.

ಉಳಿದಿದ್ದು ಸಣ್ಣ ಸಾಮಾನು. ಓದಿದ ಲೇಖನಗಳನ್ನ ಜೋಡಿಸಿಡೋಕೆ ಜೊಟೆರೋ ತರದ ಸಾಫ್ಟ್‌ವೇರ್, ಅದು ಫ್ರೀ ಆಗೇ ಸಿಗತ್ತೆ. ಡೆಡ್‌ಲೈನ್, ಗೈಡ್ (ಸಂಶೋಧನೆಗೆ ಮಾರ್ಗದರ್ಶನ ಮಾಡೋ ಪ್ರೊಫೆಸರ್) ಹೆಸರು, ಬೇಕಾದ ದಾಖಲೆ ಎಲ್ಲ ಬರೆದಿಡೋಕೆ ಒಂದು ಸ್ಪ್ರೆಡ್‌ಶೀಟ್. ಯಾವುದಾದ್ರೂ ಲೈಬ್ರರಿ ಮೂಲಕ ಜರ್ನಲ್‌ಗಳ ಆಕ್ಸೆಸ್. ಇಲ್ಲದಿದ್ರೆ ಲೇಖಕರಿಗೇ ಒಂದು ಸಾಲು ಮೇಲ್ ಹಾಕಿ ಕೇಳಿ, ತುಂಬಾ ಜನ ಪಿಡಿಎಫ್ ಕಳಿಸ್ತಾರೆ. ಮತ್ತೆ ನಿಮ್ಮ ಎಂಎ ಡೆಸರ್ಟೇಶನ್ ಎಲ್ಲಿದ್ರೂ ಹುಡುಕಿ ತೆಗೀರಿ, ಮುಂದೆ ಬೇಕಾಗತ್ತೆ.

## ಹಂತ 1: ಅರ್ಹತೆ ಇದ್ಯಾ ಅಂತ ಮೊದಲ ದಿನವೇ ನೋಡ್ಕೊಳ್ಳಿ

ಒಂದೊಂದು ದೇಶದಲ್ಲಿ ಒಂದೊಂದು ಬಾಗಿಲು. ಅಮೆರಿಕದಲ್ಲಿ ಬ್ಯಾಚುಲರ್ಸ್ ಡಿಗ್ರಿ ಮೇಲೇ ನೇರವಾಗಿ ಪಿಎಚ್‌ಡಿಗೆ ತಗೊಳ್ಳೋ ಡಿಪಾರ್ಟ್‌ಮೆಂಟ್‌ಗಳು ಬಹಳ ಇವೆ. ಬ್ರಿಟನ್ ಮತ್ತೆ ಯುರೋಪ್ ಕಡೆ ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು, ಅದರಲ್ಲೂ ಡೆಸರ್ಟೇಶನ್‌ಗೆ ಬಂದ ಮಾರ್ಕ್ಸ್ ಗಮನಿಸ್ತಾರೆ. ಭಾರತದಲ್ಲಿ ಯುಜಿಸಿಯ 2022ರ ನಿಯಮದ ಪ್ರಕಾರ ಮಾಸ್ಟರ್ಸ್‌ನಲ್ಲಿ 55 ಪರ್ಸೆಂಟ್ ಇರ್ಬೇಕು, ಮೀಸಲಾತಿ ವರ್ಗಗಳಿಗೆ 5 ಪರ್ಸೆಂಟ್ ರಿಯಾಯಿತಿ ಇದೆ. ನಾಲ್ಕು ವರ್ಷದ ಡಿಗ್ರಿ ಮಾಡಿದವರು 75 ಪರ್ಸೆಂಟ್ ಇದ್ರೆ ಮಾಸ್ಟರ್ಸ್ ಇಲ್ಲದೇನೂ ಬರಬಹುದು. ಅದೇ ನಿಯಮದಲ್ಲೇ ಎಂಫಿಲ್ ನಿಲ್ಲಿಸಿದ್ರು, ಹಾಗಾಗಿ ಅದನ್ನ ಮೆಟ್ಟಿಲು ಅಂದ್ಕೊಂಡು ಕಾಯ್ತಾ ಇರೋರು ಕಾಯೋದು ಬೇಡ.

ಮಾಸ್ಟರ್ಸ್ ಯಾವ ಸಬ್ಜೆಕ್ಟ್‌ನಲ್ಲಿ ಆಗಿರ್ಬೇಕು ಅನ್ನೋದು ಎಲ್ಲರ ಪ್ರಶ್ನೆ. ಪೊಲಿಟಿಕಲ್ ಸೈನ್ಸ್, ಇಂಟರ್‌ನ್ಯಾಷನಲ್ ರಿಲೇಶನ್ಸ್ ಆಗಿದ್ರೆ ಯೋಚನೆ ಇಲ್ಲ. ಹಿಸ್ಟರಿ, ಎಕನಾಮಿಕ್ಸ್, ಲಾ, ಭಾಷಾ ಅಧ್ಯಯನದಿಂದ ಬಂದವರನ್ನೂ ತಗೊಳ್ತಾರೆ, ಆದ್ರೆ ಪ್ರಾಸ್ಪೆಕ್ಟಸ್‌ನಲ್ಲಿ ‘ಸಂಬಂಧಿತ ವಿಷಯ’ ಅಂತ ಏನಿದ್ಯೋ ಅದರ ಕೆಳಗೆ ನಿಮ್ಮ ಡಿಗ್ರಿ ಬರತ್ತಾ ಅಂತ ಅಡ್ಮಿಶನ್ ಆಫೀಸ್‌ಗೆ ಬರವಣಿಗೆಯಲ್ಲೇ ಕೇಳಿ ಉತ್ತರ ಇಟ್ಕೊಳ್ಳಿ. ಫೋನ್‌ನಲ್ಲಿ ಯಾರೋ ‘ಆಗತ್ತೆ ಬನ್ನಿ’ ಅಂದಿದ್ದು ವೆರಿಫಿಕೇಶನ್ ದಿನ ಉಪಯೋಗಕ್ಕೆ ಬರಲ್ಲ.

## ಹಂತ 2: ಟಾಪಿಕ್ ಬಿಡಿ, ಪ್ರಶ್ನೆ ಹಿಡೀರಿ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕಂದ್ರೆ ಬಹಳ ಜನ ಬೀಳೋದು ಇಲ್ಲೇ.

‘ನಿಮ್ಮ ಸಂಶೋಧನೆ ಏನು’ ಅಂತ ಕೇಳಿದ್ರೆ ‘ಹವಾಮಾನ ರಾಜತಾಂತ್ರಿಕತೆಯಲ್ಲಿ ಸಣ್ಣ ದೇಶಗಳ ಪಾತ್ರ’ ಅಂತಾರೆ. ಇದು ಟಾಪಿಕ್. ಇದಕ್ಕೆ ಉತ್ತರ ಅಂತ ಒಂದಿರಲ್ಲ, ಎಷ್ಟು ಬೇಕಾದ್ರೂ ಬರೀತಾ ಹೋಗಬಹುದು, ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ. ಪ್ರಶ್ನೆ ಅಂದ್ರೆ ಅದರೊಳಗೆ ಬಿಡಿಸಬೇಕಾದ ಒಂದು ಗಂಟು ಇರ್ಬೇಕು, ‘ಹೀಗಾಗ್ಬೇಕಿತ್ತು, ಆದ್ರೆ ಹಾಗಾಯ್ತು, ಯಾಕೆ’ ಅನ್ನೋ ತರ.

ಇದೇ ಟಾಪಿಕ್ ತಗೊಂಡು ಗಂಟು ಹುಡುಕೋಣ. ಸಣ್ಣ ದ್ವೀಪ ದೇಶಗಳು ಸೇರಿ 1990ರಲ್ಲಿ ಎಒಎಸ್‌ಐಎಸ್ ಅನ್ನೋ ಒಕ್ಕೂಟ ಕಟ್ಕೊಂಡ್ರು. 2009ರ ಕೋಪನ್‌ಹೇಗನ್ ಹವಾಮಾನ ಸಭೆಯಲ್ಲಿ ಭೂಮಿ ಬಿಸಿಯಾಗೋದನ್ನ 1.5 ಡಿಗ್ರಿಗೆ ತಡೀಬೇಕು ಅಂತ ಹಟ ಹಿಡಿದ್ರು, ಒಪ್ಪಂದದ ಗುರಿಯಾಗಿ ನಿಂತಿದ್ದು 2 ಡಿಗ್ರಿ, 1.5ರ ಮಾತು ಮುಂದೆ ಪರಿಶೀಲಿಸೋಣ ಅನ್ನೋ ಸಾಲಲ್ಲಿ ಮಾತ್ರ ಉಳೀತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಅದೇ 1.5 ಡಿಗ್ರಿ ಎರಡನೇ ವಿಧಿಯೊಳಗೇ ಬಂತು. ಆರೇ ವರ್ಷದಲ್ಲಿ ಈ ದೇಶಗಳ ಸೈನ್ಯ, ದುಡ್ಡು, ಜನಸಂಖ್ಯೆ ಏನೂ ಬದಲಾಗಿಲ್ಲ. ಮತ್ತೆ ಏನು ಬದಲಾಯ್ತು?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅದೇ ಪ್ಯಾರಿಸ್‌ನಲ್ಲಿ ಹವಾಮಾನ ಬದಲಾವಣೆಯಿಂದ ಆಗೋ ‘ನಷ್ಟ ಮತ್ತು ಹಾನಿ’ ಬಗ್ಗೆ ಎಂಟನೇ ವಿಧಿ ಬಂತು, ಆದ್ರೆ ಅದು ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರ ಆಗಲ್ಲ ಅಂತ ಜೊತೆಗಿನ ನಿರ್ಣಯದಲ್ಲಿ ಸ್ಪಷ್ಟವಾಗಿ ಬರೆದುಬಿಟ್ರು. ಅಂದ್ರೆ ಅದೇ ಗುಂಪು, ಅದೇ ಸಭೆ, ಅದೇ ಎರಡು ವಾರ, ಒಂದು ಬೇಡಿಕೆ ಗೆದ್ದಿತು, ಇನ್ನೊಂದಕ್ಕೆ ಬೇಲಿ ಹಾಕಿದ್ರು. ಯಾಕೆ? ಈಗ ನೋಡಿ, ಹೋಲಿಸೋಕೆ ಎರಡು ಸಂಗತಿ ಇದೆ, ಕಾಲದ ಮಿತಿ ಇದೆ, ತಪ್ಪಾಗಬಹುದಾದ ಉತ್ತರಕ್ಕೂ ಜಾಗ ಇದೆ. ಇದನ್ನ ಪ್ರಶ್ನೆ ಅಂತಾರೆ. ಮುಂದಿನ ಹಂತಗಳಲ್ಲೂ ಇದೇ ಉದಾಹರಣೆ ಇಟ್ಕೊಂಡು ಹೋಗ್ತೀನಿ.

ನಿಮ್ಮದನ್ನ ಪರೀಕ್ಷೆ ಮಾಡೋಕೆ ಒಂದು ಸುಲಭದ ದಾರಿ ಇದೆ. ಪ್ರಶ್ನೆಯನ್ನ ಒಂದೇ ವಾಕ್ಯದಲ್ಲಿ ಬರೀರಿ, ಕೆಳಗೆ ಅದಕ್ಕೆ ಬರಬಹುದಾದ ಮೂರು ಬೇರೆ ಬೇರೆ ಉತ್ತರ ಬರೀರಿ. ಮೂರೂ ಒಂದೇ ತರ ಇದ್ರೆ, ಅಥವಾ ಬರೆಯೋ ಮುಂಚೇನೇ ಯಾವುದು ಸರಿ ಅಂತ ನಿಮಗೆ ಪೂರ್ತಿ ಗೊತ್ತಿದ್ರೆ, ಅದು ಇನ್ನೂ ಹಣ್ಣಾಗಿಲ್ಲ.

ಹುಷಾರಾಗ್ಬೇಕಾದ ಸೂಚನೆಗಳು: ಟೈಟಲ್‌ನಲ್ಲಿ ‘ಒಂದು ಅಧ್ಯಯನ’, ‘ಸವಾಲುಗಳು ಮತ್ತು ಅವಕಾಶಗಳು’ ಅಂತ ಬಂದಿದ್ರೆ, ‘1947ರಿಂದ ಇಲ್ಲೀವರೆಗೆ’ ಅಂತ ಇದ್ರೆ, ಅಥವಾ ಇನ್ನೂ ನಡೀತಾ ಇರೋ ಯುದ್ಧ ಹೇಗೆ ಮುಗಿಯತ್ತೆ ಅಂತ ಭವಿಷ್ಯ ಹೇಳೋಕೆ ಹೊರಟಿದ್ರೆ. ‘ಸರ್ಕಾರ ಏನು ಮಾಡ್ಬೇಕು’ ಅನ್ನೋದೂ ಪಾಲಿಸಿ ರಿಪೋರ್ಟ್‌ಗೆ ಸರಿ, ಥೀಸಿಸ್‌ನ ಬೆನ್ನೆಲುಬಾಗೋಕೆ ಅದಕ್ಕೆ ಶಕ್ತಿ ಸಾಲಲ್ಲ.

## ಹಂತ 3: ಓದೋದು, ಆದ್ರೆ ಜಗಳ ಎಲ್ಲಿದೆ ಅಂತ ಹುಡುಕ್ತಾ ಓದೋದು

ಇನ್ನೂರು ಲೇಖನ ಡೌನ್‌ಲೋಡ್ ಮಾಡಿ ಫೋಲ್ಡರ್ ತುಂಬಿಸೋದು ಓದಲ್ಲ. ನಲವತ್ತು ಐವತ್ತು ಲೇಖನ ಸರಿಯಾಗಿ ಓದಿದ್ರೆ ಅಪ್ಲಿಕೇಶನ್ ಮಟ್ಟಕ್ಕೆ ಸಾಕಾಗತ್ತೆ. ಇಂಟರ್‌ನ್ಯಾಷನಲ್ ಆರ್ಗನೈಸೇಶನ್, ಇಂಟರ್‌ನ್ಯಾಷನಲ್ ಸೆಕ್ಯುರಿಟಿ, ವರ್ಲ್ಡ್ ಪಾಲಿಟಿಕ್ಸ್, ರಿವ್ಯೂ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಇಂಥ ಜರ್ನಲ್‌ಗಳಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರ ಇರೋದನ್ನ ಮೊದಲು ನೋಡಿ, ಅವರು ಯಾರನ್ನ ಉಲ್ಲೇಖ ಮಾಡಿದಾರೋ ಅಲ್ಲಿಗೆ ಹಿಂದಕ್ಕೆ ಹೋಗಿ, ಅವರನ್ನ ಆಮೇಲೆ ಯಾರು ಉಲ್ಲೇಖ ಮಾಡಿದ್ರು ಅಂತ ಗೂಗಲ್ ಸ್ಕಾಲರ್‌ನಲ್ಲಿ ಮುಂದಕ್ಕೂ ಹೋಗಿ.

ಪ್ರತಿ ಲೇಖನಕ್ಕೂ ನಾಲ್ಕೇ ಸಾಲು ನೋಟ್ಸ್: ಪ್ರಶ್ನೆ ಏನು, ಉತ್ತರ ಏನು, ಪುರಾವೆ ಏನು, ಯಾರ ಜೊತೆ ಇವರ ಜಗಳ. ನಾಲ್ಕನೇ ಸಾಲೇ ಬಹಳ ಮುಖ್ಯ.

ಥಿಯರಿ ಅಂದ ತಕ್ಷಣ ಗಾಬರಿ ಬೀಳೋರು ಜಾಸ್ತಿ, ಅದಕ್ಕೆ ರಿಯಲಿಸಂ, ಲಿಬರಲಿಸಂ, ಕನ್‌ಸ್ಟ್ರಕ್ಟಿವಿಸಂ ಮೂರರ ಬಗ್ಗೇನೂ ಒಂದೊಂದು ಪ್ಯಾರಾ ಟೆಕ್ಸ್ಟ್‌ಬುಕ್ಕಿಂದ ಎತ್ತಿ ಅಂಟಿಸಿಬಿಡ್ತಾರೆ. ಥಿಯರಿನ ನಿಮ್ಮ ಪ್ರಶ್ನೆ ಮುಂದೆ ನಿಲ್ಲಿಸಿ ಮಾತಾಡಿಸ್ಬೇಕು. ದ್ವೀಪ ದೇಶಗಳ ಉದಾಹರಣೆಯಲ್ಲಿ, ಬಲ ಇದ್ದೋರೇ ತೀರ್ಮಾನ ಮಾಡ್ತಾರೆ ಅನ್ನೋ ರಿಯಲಿಸ್ಟ್ ಹೇಳ್ತಾನೆ: 1.5 ಡಿಗ್ರಿ ಬರೆಯೋಕೆ ದೊಡ್ಡ ದೇಶಗಳಿಗೆ ಏನೂ ಖರ್ಚಿರಲಿಲ್ಲ, ಪರಿಹಾರಕ್ಕೆ ಖರ್ಚಿತ್ತು, ಅದಕ್ಕೇ ಒಂದನ್ನ ಬಿಟ್ಟುಕೊಟ್ರು. ಸಂಸ್ಥೆಗಳ ನಿಯಮಕ್ಕೆ ಬೆಲೆ ಕೊಡೋ ಲಿಬರಲ್‌ಗಳು ಒಮ್ಮತದಿಂದಲೇ ನಿರ್ಧಾರ ಆಗ್ಬೇಕು ಅನ್ನೋ ಪದ್ಧತಿಯಿಂದ ಸಣ್ಣವರಿಗೆ ಹಿಡಿತ ಸಿಕ್ತು ಅಂತಾರೆ. ವಿಚಾರ, ಮೌಲ್ಯಗಳೇ ದೇಶಗಳ ನಡೆ ರೂಪಿಸತ್ತೆ ಅನ್ನೋ ಕನ್‌ಸ್ಟ್ರಕ್ಟಿವಿಸ್ಟ್‌ಗಳು ಮುಳುಗೋ ದೇಶದ ನೈತಿಕ ದನಿ ಉಳಿದವರ ಬಾಯಿ ಕಟ್ಟಿಸ್ತು ಅಂತಾರೆ. ಇನ್ನೊಬ್ಬರು 2013ರಿಂದ 2015ರವರೆಗೆ ವಿಜ್ಞಾನಿಗಳ ಜೊತೆ ನಡೆದ ಅಧಿಕೃತ ಸಂವಾದವೇ ದಾರಿ ಮಾಡಿಕೊಡ್ತು ಅನ್ನಬಹುದು. ಈಗ ನಾಲ್ಕು ಉತ್ತರ, ನಾಲ್ಕಕ್ಕೂ ಬೇರೆ ಬೇರೆ ಪುರಾವೆ ಬೇಕು. ಪ್ರಪೋಸಲ್‌ನ ಅರ್ಧ ಭಾಗ ಇಲ್ಲೇ ತಯಾರಾಯ್ತು.

‘ಈ ವಿಷಯದ ಬಗ್ಗೆ ಯಾರೂ ಸಂಶೋಧನೆ ಮಾಡಿಲ್ಲ’ ಅಂತ ಮಾತ್ರ ಬರೀಬೇಡಿ. ಹಾಗೆ ಅನ್ನಿಸಿದ್ರೆ ಬಹುಪಾಲು ನಾವು ಸರಿಯಾಗಿ ಹುಡುಕಿರಲ್ಲ, ಅದನ್ನ ಓದೋ ಪ್ರೊಫೆಸರ್ ಆ ವಿಷಯದ ಮೇಲೇ ಬರೆದಿರೋರು ಆಗಿರಬಹುದು.

## ಹಂತ 4: ಪುರಾವೆ ಕೈಗೆ ಸಿಗತ್ತಾ, ಭಾಷೆ ಬರತ್ತಾ

ಒಳ್ಳೇ ಪ್ರಶ್ನೆ ಇದ್ದೂ ಸೋಲೋರು ಈ ಹಂತದಲ್ಲಿ ಸೋಲ್ತಾರೆ, ಅದೂ ಪಿಎಚ್‌ಡಿಗೆ ಸೇರಿ ಎರಡು ವರ್ಷ ಆದ ಮೇಲೆ, ನೋಡೋಕೆ ಸಂಕಟ ಆಗತ್ತೆ. ಹಾಗಾಗಿ ಅಪ್ಲೈ ಮಾಡೋ ಮುಂಚೇನೇ ಒಂದು ಪೇಜ್ ಪಟ್ಟಿ ಮಾಡಿ: ಯಾವ ಪುರಾವೆ, ಎಲ್ಲಿದೆ, ಯಾವ ಭಾಷೇಲಿದೆ, ನನಗೆ ನೋಡೋಕೆ ಬಿಡ್ತಾರಾ.

ಸರ್ಕಾರಿ ಕಡತ ಬೇಕಾದ್ರೆ ವರ್ಷಗಳ ಲೆಕ್ಕ ಗೊತ್ತಿರ್ಲಿ. ಬ್ರಿಟನ್‌ನಲ್ಲಿ 30 ವರ್ಷದ ನಿಯಮ ಇದ್ದಿದ್ದನ್ನ 2013ರಿಂದ ಹಂತಹಂತವಾಗಿ 20 ವರ್ಷಕ್ಕೆ ಇಳಿಸ್ತಾ ಬಂದ್ರು. ಭಾರತದಲ್ಲಿ 25 ವರ್ಷ ಆದ ಮೇಲೆ ಕಡತ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗ್ಬೇಕು ಅಂತ ನಿಯಮ ಇದ್ರೂ ವಿದೇಶಾಂಗ, ರಕ್ಷಣೆ ವಿಷಯದ್ದು ಎಲ್ಲಾ ತೆರೆದಿರತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ಹತ್ತು ವರ್ಷ ಹಿಂದಿನ ಗಡಿ ಮಾತುಕತೆ ಬಗ್ಗೆ ಒಳಗಿನ ಕಡತ ಓದ್ತೀನಿ ಅಂತ ಬರೆದ ಪ್ರಪೋಸಲ್ ಅಲ್ಲಿಗೇ ಮುಗೀತು.

ಅಂಕಿಅಂಶದ ಕೆಲಸ ಆದ್ರೆ ದಾರಿ ಸ್ವಲ್ಪ ಸಲೀಸು. ಯುದ್ಧ, ಸಂಘರ್ಷಕ್ಕೆ ಉಪ್ಸಾಲಾ ಯೂನಿವರ್ಸಿಟಿಯ ಯುಸಿಡಿಪಿ, 1816ರಿಂದ ದತ್ತಾಂಶ ಇಟ್ಟಿರೋ ಕೊರಿಲೇಟ್ಸ್ ಆಫ್ ವಾರ್, ಶಸ್ತ್ರಾಸ್ತ್ರ ವರ್ಗಾವಣೆಗೆ 1950ರಿಂದ ಲೆಕ್ಕ ಇಟ್ಟಿರೋ ಸಿಪ್ರಿ, ಪ್ರಜಾಪ್ರಭುತ್ವದ ಅಳತೆಗೆ ವಿ-ಡೆಮ್, ಎಲ್ಲಾ ಆನ್‌ಲೈನ್‌ನಲ್ಲೇ ಸಿಗತ್ತೆ. ಒಂದು ಮಾತು, ಡೇಟಾ ಇಳಿಸಿಕೊಳ್ಳೋ ದಿನವೇ ಅದರ ಕೋಡ್‌ಬುಕ್ (ಯಾವುದನ್ನ ಹೇಗೆ ಎಣಿಸಿದಾರೆ ಅನ್ನೋ ವಿವರ) ಓದಿ. ಯುಸಿಡಿಪಿಯಲ್ಲಿ ವರ್ಷಕ್ಕೆ ಯುದ್ಧಸಂಬಂಧಿ ಸಾವು ಕನಿಷ್ಠ 25 ಆದ್ರೆ ಅದನ್ನ ಸಶಸ್ತ್ರ ಸಂಘರ್ಷ ಅಂತ ಎಣಿಸ್ತಾರೆ, ಸಾವಿರ ಮುಟ್ಟಿದ್ರೆ ಯುದ್ಧ. ಇದು ಗೊತ್ತಿಲ್ಲದೇ ಸಂಘರ್ಷ, ಯುದ್ಧ ಎರಡರ ಅಂಕಿನೂ ಬೆರೆಸಿ ಬರೆದಿರೋದನ್ನ ನೋಡಿದೀನಿ.

ಇಂಟರ್‌ವ್ಯೂ ಮೇಲೆ ನಿಂತ ಕೆಲಸ ಆದ್ರೆ ಯಾರು ಸಿಗ್ತಾರೆ ಅಂತ ಈಗಲೇ ನೋಡಿ. ಪ್ಯಾರಿಸ್‌ನಲ್ಲಿ ಹೈ ಆಂಬಿಷನ್ ಕೊಯಲಿಷನ್ (ಬಿಗಿಯಾದ ಒಪ್ಪಂದಕ್ಕೆ ಒತ್ತಾಯಿಸಿದ ದೇಶಗಳ ಕೂಟ) ಕಟ್ಟಿದ ಮಾರ್ಷಲ್ ದ್ವೀಪಗಳ ವಿದೇಶಾಂಗ ಮಂತ್ರಿ ಟೋನಿ ಡಿ ಬ್ರಮ್ 2017ರಲ್ಲೇ ತೀರಿಕೊಂಡ್ರು. ಅವರ ಜೊತೆಗಿದ್ದ ಅಧಿಕಾರಿಗಳು, ಸಭೆಯ ದಿನದಿನದ ವರದಿ ಬರೆದ ಅರ್ಥ್ ನೆಗೋಶಿಯೇಶನ್ಸ್ ಬುಲೆಟಿನ್, ದೇಶಗಳು ಬರವಣಿಗೆಯಲ್ಲಿ ಕೊಟ್ಟ ಸಲ್ಲಿಕೆಗಳು, ಇವೆಲ್ಲ ಇರೋದ್ರಿಂದ ಆ ಪ್ರಶ್ನೆ ಬದುಕತ್ತೆ. ನಿಮ್ಮ ಪ್ರಶ್ನೆಗೂ ಹೀಗೆ ಎರಡನೇ, ಮೂರನೇ ದಾರಿ ಇರ್ಲೇಬೇಕು.

ಭಾಷೆ ಬಗ್ಗೆ ನೇರವಾಗಿ ಹೇಳ್ತೀನಿ. ಚೀನಾದ ಮೇಲೆ ಚೀನೀ ಭಾಷೆ ಬರದೇ, ಇರಾನ್ ಮೇಲೆ ಪರ್ಷಿಯನ್ ಬರದೇ ಪಿಎಚ್‌ಡಿ ಮಾಡೋದು ತುಂಬಾ ಕಷ್ಟ, ಏರಿಯಾ ಸ್ಟಡೀಸ್ (ಒಂದು ಪ್ರದೇಶದ ಅಧ್ಯಯನ) ಇರೋ ಕಡೆ ಮೊದಲ ಪ್ರಶ್ನೇನೇ ಅದು. ಬರಲ್ಲ ಅಂದ್ರೆ ಈಗಲೇ ಕಲಿಯೋಕೆ ಶುರು ಮಾಡಿ ಅದನ್ನ ಅರ್ಜಿಯಲ್ಲಿ ತೋರಿಸಿ, ಇಲ್ಲಾ ನಿಮಗೆ ಬರೋ ಭಾಷೆಗಳಲ್ಲೇ ಪುರಾವೆ ಇರೋ ಪ್ರಶ್ನೆ ತಗೊಳ್ಳಿ. ‘ಅನುವಾದಕರ ಸಹಾಯ ಪಡೆಯಲಾಗುವುದು’ ಅನ್ನೋ ಒಂದು ಸಾಲಿಗೆ ಯಾರೂ ಒಪ್ಪಲ್ಲ.

## ಹಂತ 5: ಮೆಥಡ್ ಅನ್ನೋದು ಅಲಂಕಾರ ಅಲ್ಲ

‘ಈ ಅಧ್ಯಯನದಲ್ಲಿ ಗುಣಾತ್ಮಕ ಮತ್ತು ಪರಿಮಾಣಾತ್ಮಕ ವಿಧಾನ ಎರಡನ್ನೂ ಬಳಸಲಾಗುವುದು, ಪ್ರಾಥಮಿಕ ಮತ್ತು ದ್ವಿತೀಯಕ ಮೂಲಗಳನ್ನು ಬಳಸಲಾಗುವುದು’ — ಈ ವಾಕ್ಯ ಲೆಕ್ಕ ಇಲ್ಲದಷ್ಟು ಪ್ರಪೋಸಲ್‌ಗಳಲ್ಲಿ ಇದ್ದ ಹಾಗೇ ಇದೆ. ಇದರಿಂದ ಓದೋರಿಗೆ ಏನೂ ತಿಳಿಯಲ್ಲ.

ನೀವು ಹೇಳ್ಬೇಕಾದ್ದು, ಯಾವ ಪುರಾವೆ ಸಿಕ್ರೆ ಯಾವ ಉತ್ತರ ಬಿದ್ದುಹೋಗತ್ತೆ ಅಂತ. ಪ್ಯಾರಿಸ್ ಉದಾಹರಣೆಯಲ್ಲಿ ಪ್ರೊಸೆಸ್ ಟ್ರೇಸಿಂಗ್ (ಘಟನೆಗಳ ಸರಪಳಿಯ ಒಂದೊಂದು ಕೊಂಡಿ ಹಿಡಿದು ನೋಡೋದು) ಮಾಡ್ತೀನಿ ಅಂದ್ರೆ ಹೀಗೆ ಬರೀಬೇಕು: ‘ದೊಡ್ಡ ದೇಶಗಳಿಗೆ ಖರ್ಚಿಲ್ಲ ಅಂತ ಒಪ್ಪಿದ್ರು ಅನ್ನೋದು ನಿಜ ಆಗಿದ್ರೆ ವಿರೋಧ ಮೊದಲಿಂದಲೇ ಮೆತ್ತಗೆ ಇರ್ಬೇಕು, ಕೊನೇ ದಿನದವರೆಗೂ ಕೆಲವರು ಜೋರಾಗಿ ವಿರೋಧಿಸಿದ್ದು ದಾಖಲೆಯಲ್ಲಿ ಸಿಕ್ರೆ ಆ ಉತ್ತರ ದುರ್ಬಲ ಆಗತ್ತೆ.’ ಇಷ್ಟು ನಿಖರವಾಗಿ ಬರೆದವರು ಇಂಟರ್‌ವ್ಯೂನಲ್ಲಿ ತಡವರಿಸಲ್ಲ.

ಎಷ್ಟು ಕೇಸ್, ಅಂದ್ರೆ ಹೋಲಿಸಿ ನೋಡೋ ಉದಾಹರಣೆ, ತಗೊಳ್ಳೋದು ಅಂತ ಕೇಳ್ತಾರೆ. ಎರಡು ಮೂರು ಸಾಕು, ಆದ್ರೆ ಅದೇ ಯಾಕೆ ಅಂತ ಕಾರಣ ಇರ್ಬೇಕು. ‘ನನಗೆ ಆಸಕ್ತಿ ಇದೆ’ ಅನ್ನೋದು ಕಾರಣ ಆಗಲ್ಲ, ಗೆದ್ದ ಕೇಸ್‌ಗಳನ್ನ ಮಾತ್ರ ಆರಿಸ್ಕೊಂಡು ಗೆಲುವಿಗೆ ಕಾರಣ ಹುಡುಕೋದೂ ದೊಡ್ಡ ತಪ್ಪು. ಸೋತಿದ್ದನ್ನೂ ಪಕ್ಕದಲ್ಲಿ ಇಟ್ಕೊಳ್ಳಿ.

## ಹಂತ 6: ಈಗ ಯೂನಿವರ್ಸಿಟಿ ಲಿಸ್ಟ್ ಮಾಡಿ

ದೇಶದಿಂದ ದೇಶಕ್ಕೆ ಪಿಎಚ್‌ಡಿಯ ಸ್ವರೂಪವೇ ಬೇರೆ, ಅದು ತಿಳೀದೇ ಒಂದೇ ಅರ್ಜಿನ ಎಲ್ಲಾ ಕಡೆ ಕಳಿಸಬೇಡಿ.

ಅಮೆರಿಕದಲ್ಲಿ ಸುಮಾರು ಐದಾರು ವರ್ಷ. ಮೊದಲೆರಡು ವರ್ಷ ಕೋರ್ಸ್‌ವರ್ಕ್, ಆಮೇಲೆ ಕಾಂಪ್ರಿಹೆನ್ಸಿವ್ ಪರೀಕ್ಷೆ, ಅದಾದ ಮೇಲೇ ಪ್ರಾಸ್ಪೆಕ್ಟಸ್, ಅಂದ್ರೆ ಥೀಸಿಸ್‌ನ ಯೋಜನೆ. ಅರ್ಜಿಯ ಹೊತ್ತಿಗೆ ಪೂರ್ತಿ ಪ್ರಪೋಸಲ್ ಕೇಳಲ್ಲ, ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲೇ ನಿಮ್ಮ ಪ್ರಶ್ನೆ ಹೇಳ್ಬೇಕು. ಅಲ್ಲಿ ಇಂಟರ್‌ನ್ಯಾಷನಲ್ ರಿಲೇಶನ್ಸ್ ಬಹಳ ಕಡೆ ಪೊಲಿಟಿಕಲ್ ಸೈನ್ಸ್ ಡಿಪಾರ್ಟ್‌ಮೆಂಟ್ ಒಳಗೇ ಇರತ್ತೆ, ಬರೀ ‘ಇಂಟರ್‌ನ್ಯಾಷನಲ್ ಸ್ಟಡೀಸ್’ ಅಂತ ಹುಡುಕಿದ್ರೆ ಅರ್ಧಕ್ಕರ್ಧ ಕಣ್ತಪ್ಪಿ ಹೋಗತ್ತೆ.

ಬ್ರಿಟನ್‌ನಲ್ಲಿ ಮೂರರಿಂದ ನಾಲ್ಕು ವರ್ಷ, ಪ್ರಪೋಸಲ್ ಮತ್ತೆ ಗೈಡ್ ಮೇಲೇ ಎಲ್ಲಾ ನಿಂತಿರತ್ತೆ. ಶುರುವಿಗೆ ಎಂಫಿಲ್ ಅಂತ ರಿಜಿಸ್ಟರ್ ಮಾಡಿಸಿ, ಮೊದಲ ಒಂದು ಒಂದೂವರೆ ವರ್ಷದಲ್ಲಿ ಅಪ್‌ಗ್ರೇಡ್ ಪರೀಕ್ಷೆ ಪಾಸಾದ ಮೇಲೆ ಪಿಎಚ್‌ಡಿಗೆ ಏರಿಸೋ ಪದ್ಧತಿ ತುಂಬಾ ಕಡೆ ಇದೆ. ನೆದರ್‌ಲ್ಯಾಂಡ್ಸ್, ಸ್ವೀಡನ್, ನಾರ್ವೆ ಕಡೆ ಪಿಎಚ್‌ಡಿ ಅಂದ್ರೆ ಬಹುಮಟ್ಟಿಗೆ ಸಂಬಳದ ಉದ್ಯೋಗ, ಜಾಹೀರಾತು ಬಂದಾಗ ಕೆಲಸಕ್ಕೆ ಅರ್ಜಿ ಹಾಕೋ ಹಾಗೇ ಹಾಕ್ಬೇಕು. ಜರ್ಮನಿಯಲ್ಲಿ ಒಬ್ಬ ಪ್ರೊಫೆಸರ್ ಒಪ್ಕೊಂಡ್ರೆ ನೇರವಾಗಿ ಮಾಡೋ ಹಳೇ ದಾರಿಯೂ ಇದೆ, ಗ್ರಾಜುಯೇಟ್ ಸ್ಕೂಲ್ ಮೂಲಕ ಹೋಗೋ ದಾರಿಯೂ ಇದೆ.

ಭಾರತದಲ್ಲಿ ಕನಿಷ್ಠ ಮೂರು, ಸಾಮಾನ್ಯ ಗರಿಷ್ಠ ಆರು ವರ್ಷ. 2024ರ ಜೂನ್‌ನಿಂದ ಯುಜಿಸಿ ನೆಟ್ ಫಲಿತಾಂಶ ಮೂರು ವರ್ಗದಲ್ಲಿ ಬರ್ತಾ ಇದೆ: ಜೆಆರ್‌ಎಫ್ (ಸಂಶೋಧನೆಗೆ ದುಡ್ಡು ಕೊಡೋ ಫೆಲೋಶಿಪ್), ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ, ಬರೀ ಪಿಎಚ್‌ಡಿ ಪ್ರವೇಶ. ಕೊನೇ ಎರಡು ವರ್ಗದವರಿಗೆ ಪ್ರವೇಶದಲ್ಲಿ ನೆಟ್ ಅಂಕಕ್ಕೆ 70, ಇಂಟರ್‌ವ್ಯೂಗೆ 30 ಪರ್ಸೆಂಟ್ ತೂಕ, ಆ ಅಂಕ ಪಿಎಚ್‌ಡಿ ಪ್ರವೇಶಕ್ಕೆ ನಡೆಯೋದು ಒಂದೇ ವರ್ಷ. ನೆಟ್‌ನಲ್ಲಿ ಪೊಲಿಟಿಕಲ್ ಸೈನ್ಸ್ ಬೇರೆ, ಇಂಟರ್‌ನ್ಯಾಷನಲ್ ಅಂಡ್ ಏರಿಯಾ ಸ್ಟಡೀಸ್ ಬೇರೆ ಪೇಪರ್, ನೀವು ಸೇರ್ಬೇಕು ಅಂದ್ಕೊಂಡಿರೋ ಸೆಂಟರ್ ಯಾವುದನ್ನ ಒಪ್ಪತ್ತೆ ಅಂತ ಫಾರ್ಮ್ ತುಂಬೋ ಮುಂಚೆ ನೋಡಿ. ಜೆಎನ್‌ಯುನ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ತರದ ಕಡೆ ಸ್ಕೂಲ್ ಹೆಸರಿಗಿಂತ ಒಳಗಿನ ಸೆಂಟರ್ ಮುಖ್ಯ, ಅರ್ಜಿ ಹಾಕೋದು ಆ ಸೆಂಟರ್‌ನ ವಿಷಯಕ್ಕೆ.

ಆರರಿಂದ ಎಂಟು ಕಡೆ ಸಾಕು. ಇಪ್ಪತ್ತು ಕಡೆ ಹಾಕಿದವರ ಅರ್ಜಿ ಇಪ್ಪತ್ತೂ ಕಡೆ ತೆಳುವಾಗತ್ತೆ.

## ಹಂತ 7: ಗೈಡ್ ಹುಡುಕೋದು, ಮೇಲ್ ಬರೆಯೋದು

ಹೆಸರು ದೊಡ್ಡದು ಅಂತ ಹೋಗ್ಬೇಡಿ. ಕಳೆದ ಐದು ವರ್ಷದಲ್ಲಿ ಅವರು ನಿಮ್ಮ ಪ್ರಶ್ನೆಗೆ ಹತ್ತಿರ ಏನಾದ್ರೂ ಬರೆದಿದಾರಾ, ಅವರ ಕೈಕೆಳಗೆ ಓದಿದವರು ಮುಗಿಸಿದಾರಾ, ಅವರು ನಿವೃತ್ತಿಗೆ ಹತ್ತಿರ ಇದಾರಾ ನೋಡಿ. ಭಾರತದ ನಿಯಮದಲ್ಲಿ ಪ್ರೊಫೆಸರ್‌ಗೆ ಎಂಟು, ಅಸೋಸಿಯೇಟ್‌ಗೆ ಆರು, ಅಸಿಸ್ಟೆಂಟ್‌ಗೆ ನಾಲ್ಕು ಜನರ ಮಿತಿ ಇದೆ, ನಿವೃತ್ತಿಗೆ ಮೂರು ವರ್ಷಕ್ಕಿಂತ ಕಮ್ಮಿ ಇರೋರು ಹೊಸಬರನ್ನ ತಗೊಳ್ಳೋ ಹಾಗಿಲ್ಲ. ಎಷ್ಟೇ ಒಳ್ಳೇ ಪ್ರಪೋಸಲ್ ಇದ್ರೂ ಸೀಟೇ ಖಾಲಿ ಇಲ್ಲದಿದ್ರೆ ಏನೂ ಆಗಲ್ಲ.

ಮೇಲ್ ಚಿಕ್ಕದಾಗಿರ್ಲಿ, ಇನ್ನೂರು ಪದದ ಒಳಗೆ. ಮೊದಲ ವಾಕ್ಯದಲ್ಲೇ ನಿಮ್ಮ ಪ್ರಶ್ನೆ. ಆಮೇಲೆ ಅವರ ಯಾವ ಕೆಲಸ ನಿಮಗೆ ಎಲ್ಲಿ ತಾಗತ್ತೆ, ಅಥವಾ ಎಲ್ಲಿ ಒಪ್ಪಿಗೆ ಆಗಲ್ಲ, ಅಂತ ಎರಡು ಸಾಲು. ಆಮೇಲೆ ನಿಮ್ಮ ಓದು, ಭಾಷೆ. ಕೊನೇಲಿ ಈ ವರ್ಷ ಹೊಸಬರನ್ನ ತಗೊಳ್ತಿದೀರಾ ಅಂತ ನೇರ ಪ್ರಶ್ನೆ. ಜೊತೆಗೆ ಎರಡು ಪೇಜ್ ಸಾರಾಂಶ, ಒಂದು ಸಿವಿ. ‘ನಿಮ್ಮ ಅಮೋಘ ಸಂಶೋಧನೆಯಿಂದ ಪ್ರಭಾವಿತನಾಗಿ’ ಅಂತ ಶುರು ಮಾಡಿ ಯಾವ ಸಂಶೋಧನೆ ಅಂತ ಹೇಳದೇ ಇರೋ ಮೇಲ್‌ಗೆ ಉತ್ತರ ಬರಲ್ಲ. ಎರಡು ಮೂರು ವಾರ ಸುಮ್ಮನಿದ್ದು ಒಂದೇ ಒಂದು ಸಲ ನೆನಪಿಸಿ, ಆಮೇಲೂ ಉತ್ತರ ಇಲ್ಲ ಅಂದ್ರೆ ಬೇರೆಯವರ ಕಡೆ ಹೋಗಿ. ಅಮೆರಿಕದ ಎಷ್ಟೋ ಡಿಪಾರ್ಟ್‌ಮೆಂಟ್‌ಗಳಲ್ಲಿ ಕಮಿಟಿಯೇ ಆರಿಸೋದ್ರಿಂದ ಅಲ್ಲಿ ಗೈಡ್ ಒಪ್ಪಿಗೆ ಮೊದಲೇ ಬೇಕಾಗಲ್ಲ, ಉತ್ತರ ಬರಲಿಲ್ಲ ಅಂತ ಬೇಜಾರಾಗಿ ಅರ್ಜಿನೇ ಬಿಡ್ಬೇಡಿ.

## ಹಂತ 8: ಪ್ರಪೋಸಲ್ ಬರೆಯೋ ಕ್ರಮ

ಒಂದರಿಂದ ಐದನೇ ಹಂತ ಪ್ರಾಮಾಣಿಕವಾಗಿ ಮಾಡಿದ್ರೆ ಇದು ಮೂರು ವಾರದ ಕೆಲಸ. ಪದಮಿತಿ ಒಂದೊಂದು ಕಡೆ ಒಂದೊಂದು, ಸಾವಿರ ಪದದಿಂದ ಮೂರು ಸಾವಿರದವರೆಗೂ ಕೇಳ್ತಾರೆ, ಕೊಟ್ಟ ಮಿತಿ ದಾಟಲೇಬೇಡಿ.

ಮೊದಲ ಪ್ಯಾರಾದಲ್ಲಿ ಗಂಟು, ಅಲ್ಲೇ ಪ್ರಶ್ನೆ. ಭೂಮಿ ಹುಟ್ಟಿದಾಗಿಂದ ಶುರು ಮಾಡ್ಬೇಡಿ, ‘ಜಾಗತೀಕರಣದ ಈ ಯುಗದಲ್ಲಿ’ ಅನ್ನೋ ವಾಕ್ಯ ಕಂಡ್ರೆ ಹೊಡೆದುಹಾಕಿ. ಆಮೇಲೆ ಇದುವರೆಗಿನ ಉತ್ತರಗಳು, ಲೇಖಕರ ಹೆಸರಿನ ಕ್ರಮದಲ್ಲಿ ಅಲ್ಲ, ವಾದದ ಕ್ರಮದಲ್ಲಿ ಗುಂಪು ಮಾಡಿ. ಆಮೇಲೆ ನಿಮ್ಮ ಊಹೆ, ಕೇಸ್, ಪುರಾವೆ, ಮೆಥಡ್. ಆಮೇಲೆ ವರ್ಷವಾರು ಟೈಮ್‌ಲೈನ್, ಅದರಲ್ಲಿ ಭಾಷೆ ಕಲಿಯೋದಕ್ಕೆ, ಅನುಮತಿ ಕಾಯೋದಕ್ಕೆ, ಬರೆದಿದ್ದನ್ನ ತಿದ್ದೋದಕ್ಕೆ ಸಮಯ ಕಾಣ್ಬೇಕು. ಕೊನೇಲಿ ಕೆಲಸ ಕೈಕೊಟ್ರೆ ಏನು ಮಾಡ್ತೀರಿ ಅಂತ ಒಂದು ಪ್ಯಾರಾ, ವೀಸಾ ಸಿಗದಿದ್ರೆ, ಆರ್ಕೈವ್ ಮುಚ್ಚಿದ್ರೆ. ಇದನ್ನ ಬಹಳ ಜನ ಬರೆಯಲ್ಲ, ಬರೆದವರದ್ದು ಎದ್ದು ಕಾಣತ್ತೆ.

ಬರೆದಾದ ಮೇಲೆ ನಿಮ್ಮ ವಿಷಯ ಗೊತ್ತಿಲ್ಲದ, ಆದ್ರೆ ಚೆನ್ನಾಗಿ ಓದೋ ಒಬ್ಬರಿಗೆ ಕೊಡಿ. ಓದಿ ಮುಗಿಸಿ ನಿಮ್ಮ ಪ್ರಶ್ನೆನ ಅವರ ಮಾತಲ್ಲಿ ಹೇಳೋಕೆ ಆಗದಿದ್ರೆ ಮತ್ತೆ ಬರೀರಿ. ಎಐ ಟೂಲ್ ಹತ್ರ ಬರೆಸಿದ ಪ್ರಪೋಸಲ್ ಇಂಟರ್‌ವ್ಯೂನಲ್ಲಿ ಐದು ನಿಮಿಷ ತಡೆಯಲ್ಲ, ಜೊತೆಗೆ ಅದು ಇಲ್ಲದ ಲೇಖನಗಳ ಹೆಸರನ್ನೂ ಸೃಷ್ಟಿಸಿ ಕೊಡಬಹುದು, ಅಂಥ ಒಂದು ಉಲ್ಲೇಖ ಸಿಕ್ಕಿಬಿದ್ರೂ ನಿಮ್ಮ ಮೇಲಿನ ನಂಬಿಕೆ ಪೂರ್ತಿ ಹೋಗತ್ತೆ.

## ಹಂತ 9: ಉಳಿದ ಕಾಗದಪತ್ರ

ರೆಕಮಂಡೇಶನ್ ಲೆಟರ್ ಸಾಮಾನ್ಯವಾಗಿ ಎರಡು ಮೂರು. ಪದವಿ ದೊಡ್ಡದಿರೋರಿಗಿಂತ ನಿಮ್ಮ ಬರವಣಿಗೆ ಓದಿ ತಿದ್ದಿರೋರು ಒಳ್ಳೇದು. ಆರು ವಾರ ಮುಂಚೆ ಕೇಳಿ, ಜೊತೆಗೆ ಪ್ರಪೋಸಲ್, ಸಿವಿ, ಡೆಡ್‌ಲೈನ್ ಪಟ್ಟಿ ಕೊಡಿ. ‘ನೀವೇ ಬರ್ಕೊಂಡು ಬನ್ನಿ, ಸೈನ್ ಹಾಕ್ತೀನಿ’ ಅಂದ್ರೆ ಸಾಧ್ಯ ಆದ್ರೆ ಬೇರೆಯವರನ್ನ ಕೇಳಿ.

ರೈಟಿಂಗ್ ಸ್ಯಾಂಪಲ್‌ಗೆ ಎಂಎ ಡೆಸರ್ಟೇಶನ್‌ನ ಒಂದು ಅಧ್ಯಾಯ ಸರಿಹೋಗತ್ತೆ, ಆದ್ರೆ ಅದನ್ನ ಒಂಟಿಯಾಗಿ ನಿಲ್ಲೋ ಹಾಗೆ ತಿದ್ದಿ. ಐಇಎಲ್‌ಟಿಎಸ್, ಟೋಫೆಲ್ ಅಂಕ ಎರಡು ವರ್ಷ ಮಾತ್ರ ನಡೆಯತ್ತೆ, ತೀರಾ ಮುಂಚೆ ಬರೀಬೇಡಿ. ಜಿಆರ್‌ಇ ಎಷ್ಟೋ ಕಡೆ ಈಗ ಕಡ್ಡಾಯ ಇಲ್ಲ, ಕೆಲವು ಕಡೆ ಇದೆ, ಆಯಾ ವರ್ಷದ ಪೇಜ್ ನೋಡ್ಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್‌ಗೆ ಮಾತ್ರ ಮೂರು ತಿಂಗಳು ಮುಂಚೇನೇ ಓಡಾಡಿ, ಇದೊಂದು ಕಾಗದ ಬರಲಿಲ್ಲ ಅಂತ ಒಂದು ವರ್ಷ ಕಳ್ಕೊಂಡವರಿದಾರೆ.

## ಹಂತ 10: ಇಂಟರ್‌ವ್ಯೂ

ಐದಾರು ಪ್ರಶ್ನೆ ಖಚಿತವಾಗಿ ಬರತ್ತೆ: ಪ್ರಶ್ನೆ ಏನು, ಇದರಲ್ಲಿ ಹೊಸದೇನು, ಈ ಕೇಸ್ ಯಾಕೆ, ಪುರಾವೆ ಸಿಗದಿದ್ರೆ ಏನು, ನಿಮ್ಮ ಊಹೆ ತಪ್ಪಾದ್ರೆ ಏನಾಗತ್ತೆ, ಇಲ್ಲೇ ಯಾಕೆ. ಮೊದಲನೇದಕ್ಕೆ ಎರಡು ನಿಮಿಷದ ಉತ್ತರನ ಬಾಯಿಬಿಟ್ಟು ಜೋರಾಗಿ ಹೇಳಿ ಅಭ್ಯಾಸ ಮಾಡಿ, ಮನಸ್ಸಲ್ಲಿ ಹೇಳ್ಕೊಂಡಿದ್ದು ಬಾಯಿಗೆ ಬರುವಾಗ ಬೇರೇನೇ ಆಗತ್ತೆ. ಗೊತ್ತಿಲ್ಲದ ಲೇಖಕರ ಹೆಸರು ಎತ್ತಿದ್ರೆ ‘ಓದಿಲ್ಲ, ಬರ್ಕೋತೀನಿ’ ಅನ್ನಿ. ಓದಿದೀನಿ ಅಂತ ಹೇಳಿ ಮುಂದಿನ ಪ್ರಶ್ನೆಗೆ ಸಿಕ್ಕಿಹಾಕ್ಕೊಂಡವರಿಗೆ ಆಮೇಲೆ ಯಾವ ಉತ್ತರವೂ ನೆಟ್ಟಗೆ ಬರಲ್ಲ.

## ಹಂತ 11: ಆಫರ್ ಬಂದಾಗ ಪತ್ರದ ಪ್ರತಿ ಸಾಲೂ ಓದಿ

ಅಡ್ಮಿಶನ್ ಬೇರೆ, ಫಂಡಿಂಗ್ ಬೇರೆ. ಎಷ್ಟು ವರ್ಷಕ್ಕೆ ದುಡ್ಡು, ಫೀಸ್ ಸೇರಿದ್ಯಾ, ಟೀಚಿಂಗ್ ಎಷ್ಟು ಮಾಡ್ಬೇಕು, ಫೀಲ್ಡ್‌ವರ್ಕ್‌ಗೆ ಬೇರೆ ಕೊಡ್ತಾರಾ, ಕೊನೇ ವರ್ಷ ಏನು ಗತಿ, ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ. ಮೂರು ವರ್ಷ ಫಂಡಿಂಗ್ ಇದ್ದು ಕೆಲಸ ನಾಲ್ಕು ವರ್ಷದ್ದಾದ್ರೆ ಆ ನಾಲ್ಕನೇ ವರ್ಷ ಥೀಸಿಸ್ ಬಿಟ್ಟು ದುಡಿಯೋದೇ ಆಗತ್ತೆ. ಬ್ರಿಟನ್‌ನಲ್ಲಿ ಎಷ್ಟೋ ಕಡೆ ಸ್ಕಾಲರ್‌ಶಿಪ್ ಡೆಡ್‌ಲೈನ್ ಅಡ್ಮಿಶನ್ ಡೆಡ್‌ಲೈನ್‌ಗಿಂತ ಮುಂಚೇನೇ ಮುಗಿಯತ್ತೆ, ಅದನ್ನೇ ನಿಜವಾದ ಡೆಡ್‌ಲೈನ್ ಅಂದ್ಕೊಳ್ಳಿ. ಅಮೆರಿಕದಲ್ಲಿ ಫಂಡಿಂಗ್ ಆಫರ್‌ಗೆ ಉತ್ತರ ಕೊಡೋಕೆ ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಸಮಯ ಇರತ್ತೆ, ಮುಂಚೇನೇ ಒತ್ತಡ ಹಾಕಿದ್ರೆ ವಿನಯದಿಂದ ಆ ದಿನಾಂಕ ನೆನಪಿಸಿ.

## ಹಂತ 12: ಸೇರಿದ ಮೇಲೆ ಮೊದಲ ವರ್ಷ

ಕೋರ್ಸ್‌ವರ್ಕ್‌ನ ಹಗುರವಾಗಿ ತಗೋಬೇಡಿ. ಭಾರತದಲ್ಲಿ 12ರಿಂದ 16 ಕ್ರೆಡಿಟ್ ಇರತ್ತೆ, ಅದರಲ್ಲಿ 55 ಪರ್ಸೆಂಟ್ ಬರದಿದ್ರೆ ಮುಂದೆ ಹೋಗೋಕಾಗಲ್ಲ. ಕೋರ್ಸ್ ಪೇಪರ್‌ಗಳನ್ನ ಸುಮ್ನೆ ಬರೆದು ಒಪ್ಪಿಸೋ ಬದಲು ಒಂದೊಂದನ್ನೂ ಥೀಸಿಸ್‌ನ ಒಂದು ತುಂಡಾಗಿ ಬರೀರಿ.

ಗೈಡ್ ಜೊತೆ ಮೊದಲ ತಿಂಗಳಲ್ಲೇ ಮಾತಾಡ್ಕೊಳ್ಳಿ, ಎಷ್ಟು ದಿನಕ್ಕೊಮ್ಮೆ ಭೇಟಿ, ಬರೆದಿದ್ದನ್ನ ಎಷ್ಟು ದಿನದಲ್ಲಿ ಓದಿ ಕೊಡ್ತಾರೆ ಅಂತ. ಪ್ರತಿ ಭೇಟಿ ಆದ ಮೇಲೆ ಏನು ತೀರ್ಮಾನ ಆಯ್ತು ಅಂತ ಅವರಿಗೇ ಒಂದು ಚಿಕ್ಕ ಮೇಲ್ ಹಾಕಿ. ಎರಡು ತಿಂಗಳು ಏನೂ ಬರೆದು ತೋರಿಸಿಲ್ಲ ಅಂದ್ರೆ, ಇನ್ನೂ ಓದ್ತಾನೇ ಇದೀನಿ ಅಂತ ನಿಮಗೆ ನೀವೇ ಹೇಳ್ಕೋತಿದ್ರೆ, ಅದು ಅಪಾಯದ ಗಂಟೆ. ಕೆಟ್ಟದಾಗಾದ್ರೂ ಸರಿ, ಐದು ಪೇಜ್ ಬರೆದು ತೋರಿಸಿ.

ಜನರನ್ನ ಮಾತಾಡಿಸೋ ಕೆಲಸ ಇದ್ರೆ ಎಥಿಕ್ಸ್ ಕಮಿಟಿ ಅನುಮತಿ ಸಿಗೋ ತನಕ ಒಂದೂ ಇಂಟರ್‌ವ್ಯೂ ಮಾಡ್ಬೇಡಿ. ಅನುಮತಿಗೆ ಮುಂಚೆ ಸಿಕ್ಕಿದ ಮಾತು ಎಷ್ಟೇ ಒಳ್ಳೇದಿದ್ರೂ ಥೀಸಿಸ್‌ನಲ್ಲಿ ಬಳಸೋಕೆ ಬಿಡದೇ ಇರಬಹುದು. ಒಪ್ಪಿಗೆ ಪತ್ರದಲ್ಲಿ ಹೆಸರು ಹಾಕ್ಬಹುದಾ, ಹುದ್ದೆ ಮಾತ್ರಾನಾ, ಅದೂ ಬೇಡ್ವಾ ಅಂತ ಮೂರೂ ಬಿಡಿಯಾಗಿ ಕೇಳಿ. ಸಣ್ಣ ದೇಶದ ನಿಯೋಗದಲ್ಲಿ ನಾಲ್ಕೇ ಜನ ಇರ್ತಾರೆ, ‘ಒಬ್ಬ ಹಿರಿಯ ಅಧಿಕಾರಿ’ ಅಂತ ಬರೆದ್ರೂ ಅದು ಯಾರು ಅಂತ ಓದೋರಿಗೆಲ್ಲ ಗೊತ್ತಾಗಿಬಿಡತ್ತೆ, ನಂಬಿ ಮಾತಾಡಿದವರ ಕೆಲಸಕ್ಕೇ ಕುತ್ತು ಬರಬಹುದು. ರೆಕಾರ್ಡಿಂಗ್‌ನ ಪಾಸ್‌ವರ್ಡ್ ಹಾಕಿದ ಬೇರೆ ಡ್ರೈವ್‌ನಲ್ಲಿಡಿ, ಹೆಸರಿನ ಪಟ್ಟಿನ ಅದರ ಜೊತೆ ಇಡ್ಬೇಡಿ.